ಐನೂರರ ಆಚೆ

ಬೆಳಗಿನ ಜಾವ ನಾಲ್ಕು ಹತ್ತು.
ಕಲಾಮಾ ಊರಿನಿಂದ ತಾಮ್ರದ ಗಣಿಗೆ ಹೊರಟ ಬಸ್ಸು
ನನ್ನ ಕಿಟಕಿಯಾಚೆ ಇಂಜಿನ್ ಆರಿಸದೆ ನಿಂತಿದೆ.
ಒಬ್ಬೊಬ್ಬರೇ ಇಳಿದು ಬರುತ್ತಾರೆ, ಹೆಲ್ಮೆಟ್ಟು ಕಂಕುಳಲ್ಲಿ,
ಮರುಭೂಮಿಯ ಚಳಿಯನ್ನು ಬೂಟಿನಡಿ ಮೆತ್ತಿಕೊಂಡು.

ನನ್ನ ಮೇಜಿನ ಮೇಲೊಂದು ಕಪ್ಪು ಡಬ್ಬಿ,
ಊಟದ ಬುತ್ತಿಗಿಂತ ಚಿಕ್ಕದು.
ಅದರ ನೆತ್ತಿಯ ಸಣ್ಣ ಕಿಂಡಿಯಲ್ಲಿ
ಯಾವಾಗ ಎಂದು ಹೇಳದೆ ಕೆಂಪು ಅಂಕೆ ಹುಟ್ಟಿ ಓಡತೊಡಗುತ್ತದೆ.
ಹೆಬ್ಬೆರಳಿಂದ ಗುಂಡಿ ಒತ್ತಿ ಅದನ್ನು ನಿಲ್ಲಿಸಬೇಕು. ಅಷ್ಟೇ.
ಹತ್ತು ನಿಮಿಷ. ಮಕ್ಕಳೂ ಮಾಡುವ ಕೆಲಸ.
ಸೆಕೆಂಡನ್ನು ಸಾವಿರ ಚೂರು ಮಾಡಿ ಎಣಿಸುತ್ತದೆ ಡಬ್ಬಿ;
ನಿದ್ದೆಯಾದವರು ಇನ್ನೂರೈವತ್ತರ ಹೊತ್ತಿಗೆ ಹಿಡಿದುಬಿಡುತ್ತಾರೆ,
ಐನೂರು ದಾಟಿದರೆ ನಾನು ಒಂದು ಗೀಟು ಎಳೆಯುತ್ತೇನೆ.
ಗೀಟು ಎಂದರೆ, ಅಷ್ಟು ಹೊತ್ತು ಈ ಮನುಷ್ಯ ಇಲ್ಲಿರಲಿಲ್ಲ.

ಎಲೆಯುತೇರಿಯೊ ಚೋಕೆ, ಲಾರಿ ನಂಬರು ಎಪ್ಪತ್ತೊಂದು.
ಆ ಲಾರಿಯ ಗಾಲಿ ನನ್ನ ಮನೆಬಾಗಿಲಿನ ಎರಡರಷ್ಟು ಎತ್ತರ.
ಕೂರುತ್ತಲೇ ಕೇಳಿದ, "ಯಾಸ್ನಾ, ಹೇಗಿದೆ ನಿನ್ನ ಕೆಂಪು ಸೊಳ್ಳೆ?"
ಪ್ರತಿ ಸಲವೂ ಇದೇ ಮಾತು.
ಈ ಸಲ ನಗು ಮಾತಿಗಿಂತ ತಡವಾಗಿ ಬಂತು.

"ಎಷ್ಟು ನಿದ್ದೆ ಮಾಡಿದೆ?"
"ಬೇಕಾದಷ್ಟು."
ಬೇಕಾದಷ್ಟು ಎಂಬುದಕ್ಕೆ ಹಾಳೆಯಲ್ಲಿ ಜಾಗವಿಲ್ಲ.
ಏಳು ಗಂಟೆ ಎಂದು ಬರೆಸಿದ.

ಮೊದಲ ನಿಮಿಷ ಇನ್ನೂರೆಂಬತ್ತು, ಮುನ್ನೂರ ಹತ್ತು.
ಸುಳ್ಳು ಹೇಳುವವರೆಲ್ಲ ಮೊದಲ ನಿಮಿಷ ಚೆನ್ನಾಗಿಯೇ ಹೇಳುತ್ತಾರೆ.
ಮೂರನೆಯದರಲ್ಲಿ ಒಂದು ಗೀಟು.
ಐದರಲ್ಲಿ ಅಂಕೆ ಹುಟ್ಟುವ ಮೊದಲೇ ಒತ್ತಿದ,
ಬಾರದ ನೆಂಟರಿಗೆ ಬಾಗಿಲು ತೆರೆದ ಹಾಗೆ.
ಆರರಲ್ಲಿ ಕಣ್ಣು ತೆರೆದೇ ಇತ್ತು,
ಎಣ್ಣೆ ಬಿಟ್ಟುಕೊಂಡು ಕಾಯುವವನ ಕಣ್ಣಿನಷ್ಟು ಅಗಲ.
ಅದರೊಳಗೆ ಕೆಂಪು ಅಂಕೆ ಪುಟ್ಟದಾಗಿ ಓಡುತ್ತಿತ್ತು,
ಸಾವಿರ, ಎರಡು ಸಾವಿರ, ಮೂರು ಸಾವಿರ,
ಅವನು ನೋಡುತ್ತಿದ್ದ. ಕಾಣುತ್ತಿರಲಿಲ್ಲ.
ನಾಲ್ಕು ಸಾವಿರದ ನೂರಾ ಆರಕ್ಕೆ
ಹೆಬ್ಬೆರಳು ಬೆಚ್ಚಿಬಿತ್ತು.

ನಾಲ್ಕು ಸೆಕೆಂಡು.
ತುಂಬಿದ ಲಾರಿ ಇಳಿಜಾರಲ್ಲಿ ನಲವತ್ತು ಮೀಟರು ಹೋಗಿರುತ್ತದೆ.
ತಿರುವಿನ ಮಣ್ಣುದಿಣ್ಣೆಗೆ ಅಷ್ಟು ದೂರವೂ ಇಲ್ಲ.

"ನಾನು ನಿದ್ದೆ ಹೋಗಲಿಲ್ಲ," ಅಂದ. "ಪೂರಾ ಎಚ್ಚರ.
ತಂಗಿಯ ಅಡುಗೆಮನೆಯಲ್ಲಿದ್ದೆ, ಅಷ್ಟೇ.
ಕೊಳವೆ ಒಡೆದು ನೀರೋ ನೀರು. ಮಳೆಯನ್ನೇ ಕಾಣದ ಊರಲ್ಲಿ
ಬಕೆಟ್ಟಿನಿಂದ ತೋಡಿ ತೋಡಿ ಬೀದಿಗೆ ಚೆಲ್ಲುತ್ತಿದ್ದೆವು.
ಮೂರು ರಾತ್ರಿ..."
ನಿಲ್ಲಿಸಿದ.
ಏಳು ಎಂದು ಬರೆಸಿದ್ದು ಇಬ್ಬರಿಗೂ ನೆನಪಾಯಿತು.

"ಎರಡು ಗೀಟು ಅಳಿಸು. ತಿಂಗಳ ಬೋನಸ್ಸು ಇದೊಂದು ಪಾಳಿಯ ಮೇಲಿದೆ."
ನಾನು ಪೆನ್ಸಿಲಲ್ಲಿ ಬರೆಯುವುದು ಅವನಿಗೆ ಗೊತ್ತು.
ರಬ್ಬರು ಅದೇ ಪೆನ್ಸಿಲಿನ ಇನ್ನೊಂದು ತುದಿಯಲ್ಲಿದೆ.
ಇಡೀ ಮರುಭೂಮಿಯಲ್ಲಿ ಅಷ್ಟು ಹತ್ತಿರ
ಇನ್ನೇನೂ ಇರಲಿಲ್ಲ ಆ ಹೊತ್ತು.

ಹಾಳೆ ತಿರುಗಿಸಿ ಮುದ್ರೆ ಒತ್ತಿದೆ.
ಅವನು ಬೈದ. ನನ್ನನ್ನಲ್ಲ, ಡಬ್ಬಿಯನ್ನೂ ಅಲ್ಲ,
ತಂಗಿಯ ಮನೆಗೆ ಕೊಳಾಯಿ ಹಾಕಿದವನನ್ನು,
ಅವನನ್ನು ಹೆತ್ತ ಅಪ್ಪನನ್ನು.
ಆಮೇಲೆ ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ಕೂತ.
ಪೂರ್ತಿ ವಾಲುವ ಮೊದಲೇ ಗೊರಕೆ.

ಬಸ್ಸು ಹೋಯಿತು. ಎಪ್ಪತ್ತೊಂದನ್ನು ಇನ್ಯಾರೋ ಹತ್ತಿರಬೇಕು.
ನಾನು ಸಂಜೆ ಏಳರಿಂದ ಇಲ್ಲೇ ಇದ್ದೇನೆ; ಇದು ಐದನೆಯ ರಾತ್ರಿ.
ಸುಮ್ಮನೆ, ಕೈಗೆ ಬೇರೆ ಕೆಲಸವಿಲ್ಲದೆ,
ಡಬ್ಬಿಯನ್ನು ನನ್ನ ಕಡೆ ತಿರುಗಿಸಿದೆ.
ಮುನ್ನೂರ ನಲವತ್ತು. ಮುನ್ನೂರ ಎಂಬತ್ತೊಂದು.
ಹೊರಗೆ ಬೆಟ್ಟದ ಅಂಚು ಬೂದಿಬಣ್ಣಕ್ಕೆ ತಿರುಗುತ್ತಿತ್ತು.
ನಾಯಿಯೊಂದು ದಾರಿ ದಾಟುತ್ತಿತ್ತು.

ದಾರಿಯಲ್ಲಿ ನಾಯಿ ಇರಲಿಲ್ಲ.
ಕಿಂಡಿಯಲ್ಲಿ ಏಳು ಸಾವಿರ ಚಿಲ್ಲರೆ, ಇನ್ನೂ ಓಡುತ್ತಲೇ ಇತ್ತು.

ಗೀಟು ಎಳೆಯಲು ಪೆನ್ಸಿಲು ತೆಗೆದುಕೊಂಡೆ.
ಹಾಳೆಯಲ್ಲಿ ನನ್ನ ಹೆಸರು ಇರುವುದು ಒಂದೇ ಕಡೆ,
ತೀರ ಕೆಳಗೆ, 'ಪರೀಕ್ಷಿಸಿದವರು' ಎಂಬಲ್ಲಿ.
ಹೊರಗೆ ಗೊರಕೆ. ಬಾಗಿಲಲ್ಲಿ ಮುಂದಿನ ಬಸ್ಸಿನ ಬೂಟುಗಳು.
"ಬನ್ನಿ," ಅಂದೆ, "ಕೂತುಕೊಳ್ಳಿ.
ಎಷ್ಟು ನಿದ್ದೆ ಮಾಡಿದಿರಿ?"