ಮೂವತ್ತನೇ ದಿನ

ಹಬ್ಬ ಇನ್ನಾ ನಾಕು ದಿನ ಅದ.
ಗಂಜಿನಾಗ ತೊಗರಿ ರೇಟ್ ಬಿದ್ದದ ಅಂತ ಸಾವ್ಕಾರ್ರು
ಮುಂಜಾನಿಯಿಂದ ಮೂರು ಸಲ ಅಂದ್ರು.
ಅಂದ್ರ, ಈ ಸಲ ಲಕೋಟಿ ತೆಳ್ಳಗಿರ್ತಾವ ಅಂತ
ನಾ ತಿಳ್ಕೊಬೇಕು.
ತಿಳ್ಕೊಂಡೆ.
ಇಪ್ಪತ್ತೆರಡು ವರ್ಷ ಆಯ್ತು
ನಂದೂರ ಕಡಿ ಈ ಗಿರಣ್ಯಾಗ ಕುಂತು ತಿಳ್ಕೊಳ್ಳಕತ್ತಿ.

ಮಶೀನಿನ ಮಕಬೂಲಗ ಆರು ಸಾವಿರ.
ತೂಕದ ವೀರಭದ್ರಗ ಐದು.
ಹಮಾಲರಿಗೆ ತಲಿಗೆ ಎರಡೂವರಿ.
ಡ್ರೈವರ್ ಸೈಬಣ್ಣಗ ನಾಕು,
ಮುಂಗಡ ಮೂರು ಹಿಡ್ದು ಒಂದು.
ಗೋಂದು ಹಚ್ಚಿ ಹಚ್ಚಿ ಬೆರಳಿಗೆ ಬೆರಳು ಅಂಟ್ಯಾವ,
ಅದರ ಮ್ಯಾಲ ಹೊಟ್ಟಿನ ಹಳದಿ ಧೂಳ.

ಮಕಬೂಲ ಎದುರಿಗೆ ಬಿಚ್ಚಂಗಿಲ್ಲ.
ಹೆಬ್ಬೆಟ್ಟಿಲೆ ದಪ್ಪ ಒಂದು ಸಲ ಒತ್ತಿ ನೋಡಿ
ಅಂಗಿ ಒಳಗಿನ ಕಿಸೆಕ್ಕ ಇಳಿಸ್ತಾನ.
ವೀರಭದ್ರ ಹಣಿಗೆ ಹಚ್ಕೊಂಡು ದಣಿಗೆ ಕೈ ಮುಗೀತಾನ,
ಗೋದಾಮಿನ ಹಿಂದ ಹೋಗಿ ಎಣಿಸಿ, ಬೈತಾನ;
ಗ್ವಾಡಿ ತೆಳ್ಳಗದ, ನನಗ ಕೇಳ್ತದ.
ಸೈಬಣ್ಣ ಮಾತ್ರ ಅಲ್ಲೇ ನಿಂತು ಆ ಒಂದು ಸಾವಿರ
ಎರಡು ಸಲ ಎಣಿಸಿದ,
ಎರಡನೇ ಸಲಕ್ಕ ಹೆಚ್ಚಾಗಿರಬಹುದು ಅನ್ನೋರಂಗ.

ಬ್ಯಾಳಿ ಹಸನ ಮಾಡೋ ಹೆಣ್ಮಕ್ಕಳಿಗೆ ಲಕೋಟಿ ಇಲ್ಲ.
ಅರ್ಧ ಕಿಲೋ ಮಿಠಾಯಿ ಡಬ್ಬಿ, ಅಷ್ಟೇ.
ಮೂವತ್ತು ದಿನ ದುಡದವರಿಗೆ ಬೋನಸ್ ಕೊಡಬೇಕು,
ಕಾನೂನು ಅದ.
ಹಾಜರಿ ಪುಸ್ತಕ ನನ್ನ ಕೈಯಾಗದ.
ಇಪ್ಪತ್ತೊಂಬತ್ತನೇ ದಿನದ ಸಂಜಿಗೆ
ಪಟ್ಟಿ ಇಟ್ಟು ಒಂದು ಕೆಂಪು ಗೆರಿ ಎಳೀತೀನಿ.
ಮರುದಿನ ಅದೇ ಹೆಣ್ಮಗಳು, ಅದೇ ಮರ, ಅದೇ ಕೆಮ್ಮು,
ಹೊಸಾ ಹಾಳಿ, ಹೊಸಾ ಹೆಸರು.

ಚಂದ್ರಭಾಗಾ ಆಮ್ಯಾಲ ಚಂದಮ್ಮ ಆದಳು.
ಚಂದಮ್ಮ ಭಾಗಮ್ಮ ಆದಳು.
ತೊಗರಿ ಒಡದ್ರ ಎರಡೇ ಬ್ಯಾಳಿ,
ಈ ಹೆಸರು ಮತ್ತ ಒಡೀಲಿಲ್ಲ.
ಅವರತ್ತಿ ಗುರುಬಸಮ್ಮ ಅಂತ ಇದ್ದಳು,
ತೀರ್ಕೊಂಡು ಎಂಟು ವರ್ಷ;
ಆಕಿ ಸೈತ ನಮ್ಮಲ್ಲಿ ಬ್ಯಾಳಿ ಹಸನ ಮಾಡ್ಯಾಳ,
ಇಪ್ಪತ್ತೊಂಬತ್ತು ದಿನ,
ಒಂದು ದಿನಾನೂ ತಪ್ಪಸ್ದೇ.

ಯಾರಿಗೂ ಗೊತ್ತಿರ್ಲಿಲ್ಲ.
ಶ್ರಾವಣದಾಗ ಬುತ್ತಿ ತಂದ ಮಗಳು, ಏಳನೇತ್ತ ಓದೋ ಪೋರಿ,
ಮೇಜಿನ ಮ್ಯಾಲ ಬಾಗಿ, ಸಾಲಿಯೊಳಗ ಓದಿಧಂಗ ಜೋರಾಗಿ
ಓದೇಬಿಟ್ಟಳು:
'ಯವ್ವಾ, ಇಲ್ಲಿ ಅಜ್ಜಿ ಹೆಸರದ!'
ನಾ ಪುಸ್ತಕ ಮುಚ್ಚಿದೆ.
ಚಂದ್ರಭಾಗಾ ಏನೂ ಅನ್ಲಿಲ್ಲ, ರೊಟ್ಟಿ ಬಿಚ್ಚಿದಳು.

ಇವತ್ತು ಪಾಳಿಯೊಳಗ ನಿಂತು ಬಂದು
ಒಂದು ಡಬ್ಬಿ ತಗೊಂಡಳು. ಸರೀಲಿಲ್ಲ.
'ಇದು ಚಂದ್ರಭಾಗಾಂದು. ಚಂದಮ್ಮಂದು ಕೊಡ್ರಿ.
ಭಾಗಮ್ಮಂದು ಕೊಡ್ರಿ.
ನಮ್ಮತ್ತೀದು ಬ್ಯಾಡ್ರಿ, ಆಕಿಗಿ ಶಕ್ಕರಿ ಬ್ಯಾನಿ ಇತ್ತು.'

ಸಾವ್ಕಾರ್ರು ಹೊಟ್ಟಿ ಹಿಡ್ಕೊಂಡು ನಕ್ಕರು.
ಹಮಾಲರು ನಕ್ಕರು. ಪಾಳಿಯ ಹೆಣ್ಮಕ್ಕಳು ಸೆರಗು ಬಾಯಿಗಿಟ್ಟರು.
'ಕೊಡ್ರಿ ಮುನೀಮ್, ಹಬ್ಬ ಅದ, ಕೊಟ್ಬಿಡ್ರಿ.'
ಕೊಟ್ಟೆ, ಎರಡು.
ಆಕಿ ನಗಲಿಲ್ಲ.
ಮೂರೂ ಡಬ್ಬಿ ಸೆರಗಿನಾಗ ಕಟ್ಕೊಂಡು, ಸಣ್ಣ ದನಿಯೊಳಗ,
'ನಿಮ್ಮ ಲಕೋಟಿ ಯಾರು ತುಂಬತಾರ್ರಿ?'

ನಾನೇ.
ಎಲ್ಲಾರು ಹೋದ ಮ್ಯಾಲ, ಬಾಗಿಲ ಮುಂದ ಮಾಡಿ,
ಸಾವ್ಕಾರ್ರು ಹೇಳಿದಷ್ಟು ಎಣಿಸಿ,
ನನ್ನ ಹೆಸರು ಪೂರಾ ಬರೀತೀನಿ, ಅಪ್ಪನ ಹೆಸರು ಸೈತ.
ಹೋದ ವರ್ಷಕ್ಕಿಂತ ಐದುನೂರು ಜಾಸ್ತಿ ಬಂತು.
ಖುಷಿ ಆಯ್ತು, ಸುಳ್ಳು ಯಾಕ ಹೇಳ್ಲಿ.
ಆಳಂದ ನಾಕಾದಾಗ ಇಳ್ದು ಮೊಮ್ಮಗಗ ಪಟಾಕಿ ತಗೊಂಡೆ.
ರೊಕ್ಕ ಕೊಡುವಾಗ ನೋಡಿದೆ,
ಬೆರಳಿನ ತುದಿಗೆ ಕೆಂಪು ಶಾಯಿ.

ಪಾಡ್ಯದ ಮರುದಿನ.
ಹೊಸಾ ಹಾಜರಿ ಪುಸ್ತಕ, ಮೊದಲನೇ ಹಾಳಿಗೆ
ಅರಿಶಿಣ, ಕುಂಕುಮ, ಮ್ಯಾಲೊಂದು ಶ್ರೀ.
ಆಕಿ ಬಂದು ಮೇಜಿನ ಮುಂದ ನಿಂತಳು,
ಬಗಲಾಗ ಮರ.
ಪೆನ್ ಎತ್ತಿ, ತಲಿ ಎತ್ತದೇ ಕೇಳಿದೆ,
'ಹೆಸರು?'

'ನೀವೇ ಹೇಳ್ರಿ.'