ಅಳತೆ ಪುಸ್ತಕ

ಎದೆ, ಸೊಂಟ, ತೋಳು, ಬೆನ್ನಿನ ಉದ್ದ
ಹದಿನೆಂಟು ವರ್ಷ ಬರೆದ ಪುಸ್ತಕದ
ಹಿಂದಿನ ಖಾಲಿ ಹಾಳೆಗಳಲ್ಲೀಗ
ಬೇರೆ ಮನೆ ಎಳೆದಿದ್ದೇನೆ:
ಜ್ವರ ಎಷ್ಟು. ವಾಂತಿ ಎಷ್ಟು ಸಲ. ಬೆರಳು.

ಬೆರಳಿನ ಮನೆ ಮಾತ್ರ
ಮೂರು ವಾರ ಖಾಲಿ ಬಿಟ್ಟಿದ್ದೆ.

ಚೌಕಿಪೇಟೆಯಲ್ಲಿ ಮೆಟ್ಟಿಲ ಕೆಳಗೆ ನನ್ನ ಮಿಷನ್ನು.
ಮೇ ತಿಂಗಳು, ತಗಡು ಕಾದು ಚಟಪಟ ಅನ್ನುವಾಗ
ಎಲ್ಲರ ಕೈಯೂ ಮಡಿಕೆ ನೀರಿಗೆ.
ನಾನೂ ಚಾಚಿದೆ, ಎರಡನೇ ಡ್ರಿಪ್ಪಿನ ಮರುದಿನ.
ಗುಟುಕು ಇಳಿಯಲಿಲ್ಲ, ಚುಚ್ಚಿತು,
ಒಂದು ಪೊಟ್ಟಣ ಸೂಜಿ ಬಾಯಿಗೆ ಸುರಿದ ಹಾಗೆ.

ಆದರೆ ನಿಜವಾದ ಸೂಜಿ
ಕಾಜಾ ಹೊಲಿಯುವಾಗ ಬೆರಳಿಗೆ ನುಗ್ಗಿದ್ದು
ಗೊತ್ತೇ ಆಗಲಿಲ್ಲ.
ಗಿರಾಕಿಯ ಬಿಳಿ ಷರ್ಟಿನ ಮೇಲೆ
ಗುಲಗಂಜಿಯಷ್ಟು ಕೆಂಪು ಕಂಡ ಮೇಲೆಯೇ ತಿಳಿದದ್ದು.
ರಕ್ತದ ಕಲೆ ತಣ್ಣೀರಿಗೇ ಹೋಗಬೇಕು.
ತಣ್ಣೀರು ನಾನು ಮುಟ್ಟುವ ಹಾಗಿಲ್ಲ.
ಪಕ್ಕದ ಮಿಷನ್ನಿನ ಖುರ್ಷಿದಾ ತೊಳೆದುಕೊಟ್ಟಳು,
ಏನೂ ಕೇಳಲಿಲ್ಲ.

ಹೇಳಿದರೆ ಔಷಧಿ ನಿಲ್ಲಿಸಿಯಾರು,
ನಿಲ್ಲಿಸಿದರೆ ಕರುಳಿನದು ಮತ್ತೆ ಚಿಗುರೀತು.
ಹೀಗೆ ಎರಡು ಭಯ, ಒಂದರ ಮೇಲೊಂದು ಹೊಲಿಗೆ.

ಹೊಟ್ಟೆ ತೊಳಸುವುದನ್ನು ಬೇಕಾದರೆ ಹೇಳಬಹುದಿತ್ತು, ಹೇಳಿದೆ.
ಊಟಕ್ಕೆ ಮುಂಚಿನ ಮಾತ್ರೆ, ವಾಂತಿಗೆ ಕಾಯದೆ;
ಬೆಳಗಿನ ನಾಲ್ಕಕ್ಕೆ ಒಂದು ಹಿಡಿ ಮಂಡಕ್ಕಿ,
ಖಾರವಿಲ್ಲ, ಎಣ್ಣೆಯಿಲ್ಲ, ಈರುಳ್ಳಿಯಿಲ್ಲ.
ದಾವಣಗೆರೆಯಲ್ಲಿ ಹುಟ್ಟಿ ಬರೀ ಮಂಡಕ್ಕಿ ತಿನ್ನುವುದು!
ದೀಪ ಹಾಕದೆ ತಿನ್ನುತ್ತೇನೆ,
ಯಾರಾದರೂ ನೋಡಿಯಾರು ಎಂದು.

ಮೂರನೇ ಸಲ ಹನುಮಕ್ಕ ಸಿಸ್ಟರ್
ಪುಸ್ತಕ ತಿರುವಿದಳು. ಖಾಲಿ ಮನೆ ನೋಡಿದಳು.
ತನ್ನ ಬಿಳಿ ಕೋಟು ಬಿಚ್ಚಿ ನನ್ನ ಮಡಿಲಿಗೆ ಹಾಕಿ
"ಗುಂಡಿ ಹಾಕು ನೋಡೋಣ" ಅಂದಳು.

ಐದು ಗುಂಡಿ.
ಇಡೀ ಊರಿಗೆ ಗುಂಡಿ ಹಾಕಿದ ಕೈ
ಎರಡನೆಯದಕ್ಕೇ ಸೋತಿತು.

ಡಾಕ್ಟರು ಬೈಯಲಿಲ್ಲ. ಆ ಒಂದು ಔಷಧಿ ಇಳಿಸಿದರು.
"ಹೇಳದಿದ್ದರೆ ನಮಗೆ ಹೇಗಮ್ಮ ಗೊತ್ತಾಗ್ಬೇಕು?"
ನಾನಾದರೂ ಮೈ ಇಳಿದವಳ ರವಿಕೆಯನ್ನು
ಬಿಸಾಡಿದ್ದೇನೆಯೇ? ಒಳಗೆ ಹಿಡಿದುಕೊಟ್ಟಿದ್ದೇನೆ.
ಇಷ್ಟು ಹೊಳೆಯಲು ಮೂರು ವಾರ, ಒಂದು ಷರ್ಟು.

"ಜ್ವರ ನೂರು ದಾಟಿ ಎರಡು ಗೆರೆ ಏರಿತೋ,
ರಾತ್ರಿ ಎಷ್ಟೊತ್ತಾದರೂ ಬಾ, ಬೆಳಗಾಗಲಿ ಅನ್ನಬೇಡ"
ಅಂದಿದ್ದನ್ನು ಕೆಂಪಿನಲ್ಲಿ ಬರೆದುಕೊಂಡೆ.

ಕತ್ತರಿಯ ಹಿಡಿಗೆ ಹಳದಿ ಪಾಪ್ಲಿನ್ ಚಿಂದಿ ಸುತ್ತಿದ್ದೇನೆ.
ಕಾಜಾ ಈಗ ಖುರ್ಷಿದಾಳದು. ಕತ್ತರಿಸುವುದು ನನ್ನದು,
ಕಣ್ಣಿಗಿನ್ನೂ ಜೋಮು ಹಿಡಿದಿಲ್ಲ.
ಬೆರಳಿನ ಮನೆಯಲ್ಲಿ ಬರೆದೆ:
ಎಡಗೈ, ಮೊದಲ ಗಿಣ್ಣಿನವರೆಗೆ. ಬಲಗೈ, ತುದಿ ಮಾತ್ರ.

ಅವಳು ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸಿದಳು.
ಈ ಬಿಸಿಲಿನಲ್ಲಿ ಉಗುರುಬೆಚ್ಚಗಿನ ನೀರು,
ಒಂದಿಷ್ಟೂ ರುಚಿಯಿಲ್ಲ.
ಕುಡಿದೆ.