ಕಾಲು ಸುತ್ತು

ಪೋರ್ಟ್ ಓ ಬಾಸ್ಕ್‌ನಲ್ಲಿ ಬಟ್ಟೆ ತಾನಾಗಿ ಒಣಗುವುದಿಲ್ಲ.
ಬೆಳಿಗ್ಗೆ ಹಗ್ಗಕ್ಕೆ ಹಾಕಿದ ಅಂಗಿಯನ್ನು
ಸಂಜೆ ಹೊತ್ತಿಗೆ ಕಡಲ ಮಂಜು
ಇನ್ನೊಮ್ಮೆ ಒಗೆದಿಟ್ಟಿರುತ್ತದೆ,
ಮೇಲಿಷ್ಟು ಉಪ್ಪು ಉದುರಿಸಿ.
ಅದರಿಂದಲೇ ನನ್ನ ಹೊಟ್ಟೆಪಾಡು.

ರೊವೀನಾ ಕೀಪಿಂಗ್ ಫೋನಿನಲ್ಲಿ ಹೇಳಿದ್ದು ಎರಡೇ ದೂರು:
ಬಿಸಿಯಿಲ್ಲ.
ಸದ್ದು ವಿಪರೀತ.
ಫೆರ್ರಿಯ ಅಡುಗೆಮನೆಯಲ್ಲಿ ಅವಳಿಗೆ ರಾತ್ರಿ ಪಾಳಿ.
ಏಳಕ್ಕೆ ದಡ ಹತ್ತಿ, ಏಪ್ರನ್ನು ಒಗೆದು, ಡ್ರೈಯರಿಗೆ ತುಂಬಿ
ಆಮೇಲೆ ಮಲಗುವ ಹೆಣ್ಣು.

ಪ್ಲಗ್ಗು ಕಿತ್ತೆ. ಬೆನ್ನಿನ ತಗಡು ಬಿಚ್ಚಿದೆ.
ಮೀಟರಿನ ಎರಡು ಮುಳ್ಳನ್ನು ಫ್ಯೂಸಿನ ಎರಡು ತುದಿಗೆ ಒತ್ತಿ
ಕಿವಿಗೊಟ್ಟೆ. ಕುಂಯ್ ಅನ್ನಬೇಕು.
ಅನ್ನಲಿಲ್ಲ.
ಹೊಸ ಫ್ಯೂಸ್ ಹಾಕುವವರು ಬೇಕಾದಷ್ಟು ಮಂದಿ,
ಹಳೆಯದು ಯಾಕೆ ಸತ್ತಿತೆಂದು ಕೇಳುವವರು ಕಡಿಮೆ.
ಇದು ನನಗೆ ಕಸುಬು ಕಲಿಸಿದ ಆಂಬ್ರೋಸ್ ಮಾವನ ಮಾತು,
ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಆಡಿದ್ದು.

ಹೊಗೆಗೊಳವೆಯಂಥ ಆ ಉಸಿರುನಾಳಕ್ಕೆ ಕೈ ಹಾಕಿದೆ.
ಬಂತು, ಬಂತು, ಬರುತ್ತಲೇ ಇತ್ತು:
ಹನ್ನೊಂದು ವರ್ಷದ ಟವೆಲ್ಲು, ಕಾಲುಚೀಲ, ಮೆತ್ತನೆ ಬನಿಯನ್ನುಗಳ
ಉದುರಿದ ಜೂಲು, ಬೂದಿ ಬಣ್ಣದ್ದು,
ಒಂದು ಕುರಿಮರಿಯಷ್ಟು.
ಬಿಸಿಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲದೆ
ಮನೆ ಸುಡುವ ಮೊದಲು ಫ್ಯೂಸು ತಾನು ಸುಟ್ಟುಕೊಂಡಿತ್ತು.
ಸದ್ದಿಗೆ ಕಾರಣ ರೋಲರ್,
ಒಂದು ಮಗ್ಗುಲು ಸವೆದು ಚಪ್ಪಟೆ.
ಎರಡನ್ನೂ ಬದಲಿಸಿದೆ. ಮಟ್ಟಗೋಲು ಇಟ್ಟು ನೋಡಿದೆ,
ಗುಳ್ಳೆ ನಟ್ಟನಡುವೆ ನಿಂತಿತು.
ಯಂತ್ರ ಬೆಕ್ಕಿನ ಹಾಗೆ ಓಡಿತು.

ಪಕ್ಕದ ಕೋಣೆಯಲ್ಲಿ ಅವಳಪ್ಪ ಗಾರ್ಲಂಡ್,
ಕುರ್ಚಿಯಲ್ಲಿ, ಬರಿಗಾಲು ಹಲಗೆ ನೆಲಕ್ಕೊತ್ತಿ.
ನಮಸ್ಕಾರಕ್ಕೆ ಉತ್ತರವಿಲ್ಲ.
ಜಂಬ ಅಂದುಕೊಂಡೆ.

ಗುರುವಾರ ಮತ್ತೆ ಫೋನು.
'ಕೆಟ್ಟಿತಾ?'
'ಇಲ್ಲ. ಚೆನ್ನಾಗಿದೆ. ಅದೇ ತೊಂದರೆ.'
ಹಡಗಿನ ಇಂಜಿನ್ ಕೋಣೆ ಮೂವತ್ತು ವರ್ಷದಲ್ಲಿ
ಅವರ ಕಿವಿ ತಿಂದಿದೆ, ಈಚೆಗೆ ಕಣ್ಣಿಗೂ ಪೊರೆ.
ನೆಲದ ಹಲಗೆಯಲ್ಲಿ ಧಬ್, ಧಬ್ ಎಂದು ಅಂಗಾಲಿಗೆ ಬಡಿದರೆ
ಮಗಳು ದಡ ಸೇರಿದಳೆಂದು ಲೆಕ್ಕ.
ಮೂರು ಬೆಳಗಿನಿಂದ ಬಡಿದಿಲ್ಲ.
ಮೂರು ಬೆಳಗೂ ಕೋಟು ಹಾಕಿಕೊಂಡು ಬಂದರಿನ ಕಡೆಯ ಕಿಟಕಿಯಲ್ಲಿ ನಿಂತಿದ್ದಾರೆ,
ತೋಳು ಹಿಡಿದು ನಾನಿಲ್ಲೇ ಇದ್ದೇನೆ ಅಂದರೆ
ನರ್ಸು ಅಂದುಕೊಂಡು ತಲೆಯಾಡಿಸುತ್ತಾರೆ.

ಹಳೆಯ ರೋಲರ್ ವ್ಯಾನಿನ ಡಬ್ಬಿಯಲ್ಲೇ ಇತ್ತು.
ಅಂಗೈಯಲ್ಲಿ ಉರುಳಿಸಿ ನೋಡಿದೆ.
ಅದನ್ನೇ ಹಾಕಿದರೆ ಆರು ತಿಂಗಳಲ್ಲಿ ಡ್ರಮ್ಮು ಸೀಳುತ್ತದೆ.
ಮೊಣಕಾಲೂರಿ, ಸ್ಪ್ಯಾನರ್ ತೆಗೆದುಕೊಂಡು,
ನಾನೇ ಮಟ್ಟ ಮಾಡಿದ್ದ ಯಂತ್ರದ
ಎಡಗಾಲಿಗೆ ಕಾಲು ಸುತ್ತು ಕೊಟ್ಟೆ.
ಆಂಬ್ರೋಸ್ ಮಾವ ಬದುಕಿದ್ದರೆ ಕಿವಿ ಹಿಂಡುತ್ತಿದ್ದ.

ಒದ್ದೆ ಟವೆಲ್ಲು ತುಂಬಿ ಓಡಿಸಿದೆವು.
ಗಾರ್ಲಂಡ್ ಕಾಲ್ಬೆರಳು ಅಗಲಿಸಿದರು. ತಲೆ ಅಲ್ಲಾಡಿಸಿದರು.
ಅಂಗೈ ಕೆಳಗೊತ್ತಿ ತೋರಿಸಿದರು: ಇನ್ನೂ ಭಾರ.
ಇನ್ನೊಂದು ಕಾಲು.
ಇಲ್ಲ.
ಅರ್ಧ ಹಿಂದಕ್ಕೆ, ಒಂದು ಎಳೆ ಮುಂದಕ್ಕೆ,
ತಂಬೂರಿಯ ಬಿರಡೆ ತಿರುಗಿಸುವವರಂತೆ ನಾವು,
ಅವರ ಪಾದವನ್ನೇ ನೋಡುತ್ತ.

ಧಬ್.
ಕೋಟಿನ ಗುಂಡಿಗೆ ಕೈ ಹೋಯಿತು.
ಒಂದೊಂದೇ ಬಿಚ್ಚಿದರು.
'ಬಂದಳು' ಅಂದರು, ಕಿವುಡರ ದೊಡ್ಡ ದನಿಯಲ್ಲಿ,
ಯಾರಿಗೂ ಅಲ್ಲ.

ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು,
ಇಪ್ಪತ್ತು ನಿಮಿಷದಿಂದ,
ಇನ್ನೂ ಒದ್ದೆ ಬೂಟಿನಲ್ಲೇ.